ನೆಲೆ ತಪ್ಪಿದ ಪಳೆಯುಳಿಕೆ

ಬಂಡೆಗೂ ವಯಸ್ಸುಂಟು; ಆದರೆ ಅದರ ಜಾತಕವನ್ನು ಯಾರೂ ಬರೆದಿಟ್ಟಿಲ್ಲ. ಒಂದು ಬೆಟ್ಟದ ಸುಣ್ಣಕಲ್ಲು ಹಳೆಯದೋ, ನೂರಾರು ಮೈಲಿ ಆಚೆಯ ಕಣಿವೆಯ ಜೇಡಿಕಲ್ಲು ಹಳೆಯದೋ ಎಂದು ಕೇಳಿದರೆ, ಬಣ್ಣವನ್ನು ನೋಡಿ ಉತ್ತರ ಹೇಳಲಾಗದು, ಗಡಸುತನವನ್ನು ಪರೀಕ್ಷಿಸಿಯೂ ಹೇಳಲಾಗದು. ಆ ಕಲ್ಲುಗಳೊಳಗೆ ಹುದುಗಿರುವ ಚಿಪ್ಪು, ಎಲುಬು, ಎಲೆಯ ಅಚ್ಚು ಮೊದಲಾದ ಜೀವಾವಶೇಷಗಳನ್ನು ಹೋಲಿಸಿ ಭೂವಿಜ್ಞಾನಿಗಳು ಈ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಇವನ್ನೇ ನಾವು ಪಳೆಯುಳಿಕೆಗಳೆಂದು ಕರೆಯುವುದು.

ಇಷ್ಟನ್ನು ಪಠ್ಯಪುಸ್ತಕಗಳು ಹೇಳುತ್ತವೆ. ವಿದ್ಯಾರ್ಥಿಗಳೂ ಪರೀಕ್ಷೆಯಲ್ಲಿ ತಪ್ಪದೆ ಬರೆಯುತ್ತಾರೆ. ಆದರೆ ಈ ಮಾತಿನ ಇನ್ನೊಂದು ಅರ್ಧ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಪಳೆಯುಳಿಕೆಯು ಪದರದ ವಯಸ್ಸನ್ನು ಹೇಳುವುದು ದಿಟ. ಆದರೆ ಅದು ಯಾವ ಸ್ಥಳದ, ಯಾವ ಪದರದ, ಯಾವ ಮಟ್ಟದಿಂದ ಬಂದಿತೆಂಬುದು ನಿಸ್ಸಂದೇಹವಾಗಿ ತಿಳಿದಿದ್ದರೆ ಮಾತ್ರ. ನೆಲೆ ತಪ್ಪಿದ ಪಳೆಯುಳಿಕೆ ಅಂದವಾದ ಕಲ್ಲಾಗಬಹುದು, ಅಪರೂಪದ ವಸ್ತುವಾಗಬಹುದು, ಸಾಕ್ಷಿಯಾಗಲಾರದು. ಈ ಉಳಿದರ್ಧವನ್ನು ಕಡೆಗಣಿಸಿದುದರಿಂದ ನಮ್ಮ ನಾಡಿನ ಭೂವಿಜ್ಞಾನದಲ್ಲಿ ಎಂಥ ಗೊಂದಲಗಳಾದುವು, ಈಗಲೂ ಎಂಥ ನಷ್ಟವಾಗುತ್ತಿದೆ ಎಂಬುದನ್ನು ತರುಣ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಮೂಲಸೂತ್ರವನ್ನು ನೋಡೋಣ. ಹೊಳೆ ತಂದ ಮರಳು, ಕೆರೆಯ ತಳದ ಹೂಳು, ಕಡಲಿನ ಚಿಪ್ಪುಗಳ ಪುಡಿ, ಇವು ಒಂದರ ಮೇಲೊಂದು ಕುಳಿತು, ಮೇಲಿನ ಭಾರಕ್ಕೆ ಸಿಕ್ಕಿ, ಕಾಲಕ್ರಮದಲ್ಲಿ ಗಟ್ಟಿಯಾಗಿ ಜಲಜ ಶಿಲೆಗಳಾಗುತ್ತವೆ. ಕಣಜಕ್ಕೆ ಮೊದಲು ಸುರಿದ ಧಾನ್ಯ ಅಡಿಯಲ್ಲಿ, ಕಡೆಗೆ ಸುರಿದುದು ಮೇಲೆ. ಹಾಗೆಯೇ, ಅಲುಗಾಡದೆ ಉಳಿದ ಶಿಲಾಸ್ತರಗಳಲ್ಲಿ ಕೆಳಗಿನದು ಹಿರಿದು, ಮೇಲಿನದು ಕಿರಿದು. ಡೆನ್ಮಾರ್ಕಿನಲ್ಲಿ ಹುಟ್ಟಿ ಇಟಲಿಯ ಟಸ್ಕನಿಯಲ್ಲಿ ಕೆಲಸ ಮಾಡಿದ ನಿಕೊಲಾಸ್ ಸ್ಟೆನೊ ಎಂಬ ವಿದ್ವಾಂಸನು 1669ರಲ್ಲಿ ಈ ನಿಯಮವನ್ನು ಸ್ಪಷ್ಟವಾಗಿ ನಿರೂಪಿಸಿದನು. ಕೇಳಿದರೆ ಇದು ಎಲ್ಲರಿಗೂ ಗೊತ್ತಿರುವ ಮಾತಿನಂತೆ ತೋರುತ್ತದೆ. ಆದರೆ ಈ ನಿಯಮ ಸಲ್ಲುವುದು ಒಂದೇ ಸ್ಥಳದಲ್ಲಿ ಒಂದರ ಮೇಲೊಂದಾಗಿ ಕಾಣುವ ಪದರಗಳಿಗೆ ಮಾತ್ರ. ಒಂದು ಕಣಿವೆಯ ಬಂಡೆಯ ಗೋಡೆಯನ್ನೂ ಅಲ್ಲಿಂದ ಬಹುದೂರದ ಇನ್ನೊಂದು ಗೋಡೆಯನ್ನೂ ಹೋಲಿಸಿ, ಇಲ್ಲಿಯ ಈ ಪದರ ಅಲ್ಲಿಯ ಆ ಪದರಕ್ಕೆ ಸಮಕಾಲೀನವೆಂದು ಹೇಳಲು ಸ್ಟೆನೊನ ನಿಯಮವೊಂದೇ ಸಾಲದು.

ಆ ಕೊರತೆಯನ್ನು ತುಂಬಿದವನು ವಿಶ್ವವಿದ್ಯಾನಿಲಯದ ಪಂಡಿತನಲ್ಲ; ಇಂಗ್ಲೆಂಡಿನ ಒಬ್ಬ ಕಮ್ಮಾರನ ಮಗ, ಭೂಮಾಪಕ ವಿಲಿಯಂ ಸ್ಮಿತ್. 1769ರಲ್ಲಿ ಹುಟ್ಟಿದ ಈತ ಸಾಮರ್ಸೆಟ್ ಪ್ರಾಂತದ ಕಲ್ಲಿದ್ದಲು ಗಣಿಗಳಲ್ಲಿ ಇಳಿದು ಅಳತೆ ಮಾಡಿದನು. ಬಳಿಕ ಕಲ್ಲಿದ್ದಲು ಸಾಗಿಸುವ ಕಾಲುವೆಯ ಅಗೆತದ ಮೇಲ್ವಿಚಾರಣೆ ನಡೆಸಿದನು. ಕಾಲುವೆಗಾಗಿ ನೆಲವನ್ನು ಸೀಳಿದಾಗ ಪದರಗಳು ಮೈಲಿಗಟ್ಟಲೆ ತೆರೆದುಕೊಂಡುವು. ನೋಡಲು ಒಂದೇ ತೆರನಾಗಿದ್ದ ಎರಡು ಜೇಡಿಪದರಗಳಲ್ಲಿ ಬೇರೆ ಬೇರೆ ಚಿಪ್ಪುಗಳಿರುವುದನ್ನೂ, ಒಂದೊಂದು ಪದರವೂ ತನ್ನದೇ ಆದ ಪಳೆಯುಳಿಕೆಗಳ ಗುಂಪನ್ನು ಎಲ್ಲಿ ಹೋದರೂ ಹೊತ್ತುಕೊಂಡೇ ಹೋಗುವುದನ್ನೂ ಸ್ಮಿತ್ ಗಮನಿಸಿದನು. ಅಂದರೆ ಕಲ್ಲಿನ ಬಣ್ಣ ಮೋಸಮಾಡಿದರೂ ಒಳಗಿನ ಚಿಪ್ಪು ಗುರುತು ಹೇಳುತ್ತಿತ್ತು.

ಈ ಕಥೆಯಲ್ಲಿ ನಮ್ಮ ವಾದಕ್ಕೆ ಬೇಕಾದ ಒಂದು ಪ್ರಸಂಗವಿದೆ. ಬಾತ್ ನಗರದ ಬಳಿ ಬೆಂಜಮಿನ್ ರಿಚರ್ಡ್‌ಸನ್ ಎಂಬ ಪಾದ್ರಿಯಲ್ಲಿ ಪಳೆಯುಳಿಕೆಗಳ ಒಳ್ಳೆಯ ಸಂಗ್ರಹವಿತ್ತು. ಅಂದಿನ ರೂಢಿಯಂತೆ ಆತ ಅವನ್ನು ಆಕಾರಕ್ಕನುಗುಣವಾಗಿ ಜೋಡಿಸಿದ್ದನು. ಸ್ಮಿತ್ ಅದನ್ನು ನೋಡಿ, ಒಂದೊಂದೂ ಯಾವ ಪದರದ್ದೆಂದು ಹೇಳುತ್ತ, ಸಂಗ್ರಹವನ್ನೆಲ್ಲ ಪದರಗಳ ಕ್ರಮದಲ್ಲಿ ಮರುಜೋಡಿಸಿದನು. ಅದುವರೆಗೆ ಕಣ್ಣಿಗೆ ಹಬ್ಬವಾಗಿದ್ದ ಕಪಾಟು ಅಂದಿನಿಂದ ಕಾಲದ ಪಟ್ಟಿಯಾಯಿತು. ಅದೇ 1799ರಲ್ಲಿ ಬಾತ್ ಸುತ್ತಲಿನ ಪದರಗಳ ಪಟ್ಟಿಯನ್ನು ಸ್ಮಿತ್ ಹೇಳುತ್ತ ಹೋದಂತೆ ರಿಚರ್ಡ್‌ಸನ್ ಬರೆದುಕೊಂಡನು. 1815ರಲ್ಲಿ ಸ್ಮಿತ್‌ನ ಪ್ರಸಿದ್ಧ ಭೂಪಟ ಹೊರಬಂದಿತು. ಸಾಲದ ಹೊರೆಯಿಂದ ಆತ ತನ್ನ ಸ್ವಂತ ಸಂಗ್ರಹವನ್ನು ಬ್ರಿಟಿಷ್ ವಸ್ತುಸಂಗ್ರಹಾಲಯಕ್ಕೆ ಮಾರಬೇಕಾಯಿತು. 1819ರಲ್ಲಿ ಸಾಲಗಾರರ ಸೆರೆಮನೆಯನ್ನೂ ಕಂಡನು. 1831ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘವು ತನ್ನ ವೊಲಾಸ್ಟನ್ ಪದಕವನ್ನು ಮೊಟ್ಟಮೊದಲು ಈತನಿಗೇ ಕೊಟ್ಟು ಗೌರವಿಸಿತು. ಮಾರಿಹೋದ ಆ ಸಂಗ್ರಹದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಪಳೆಯುಳಿಕೆಗಳಿದ್ದುವು. ಅವು ಪದರವಾರಾಗಿ ವಿಂಗಡವಾಗಿದ್ದುದೇ ಅವುಗಳ ಬೆಲೆ.

ಚಿಪ್ಪುಗಳಿಗೆ ಈ ಶಕ್ತಿ ಬಂದುದಾದರೂ ಎಲ್ಲಿಂದ? ಮರಳು ಯಾವ ಯುಗದಲ್ಲಿಯೂ ಮರಳೇ, ಸುಣ್ಣವೂ ಅಂತೆಯೇ. ಆದರೆ ಜೀವಜಾತಿಗಳು ಹಾಗಲ್ಲ. ಒಂದು ಜಾತಿ ಒಮ್ಮೆ ಕಾಣಿಸಿಕೊಂಡು, ಕೆಲವು ಕಾಲ ಬಾಳಿ, ಅಳಿದುಹೋದರೆ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಅದು ಕಂಡುಬಂದ ಪದರವೆಲ್ಲ ಅದರ ಆಯುಷ್ಯದ ಮಿತಿಯೊಳಗೇ ಸಂಚಯವಾದುದಾಗಿರಬೇಕು. ಎಲ್ಲ ಜಾತಿಗಳೂ ಈ ಕೆಲಸಕ್ಕೆ ಸಮನಾಗಿ ಒದಗುವುದಿಲ್ಲ. ಬಹುದೂರ ಹರಡಿರಬೇಕು, ಹೇರಳವಾಗಿ ಸಿಗಬೇಕು, ಗುರುತಿಸಲು ಸುಲಭವಾಗಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ, ಆ ಜಾತಿಯ ಆಯುಷ್ಯ ಅಲ್ಪವಾಗಿರಬೇಕು. ಇಂಥವನ್ನು ಸೂಚಕ ಪಳೆಯುಳಿಕೆಗಳೆಂದು ಕರೆಯುತ್ತಾರೆ. ಲಿಂಗ್ಯುಲ ಎಂಬ ಚಿಪ್ಪುಪ್ರಾಣಿಯ ಬಳಗ ಕೋಟ್ಯಂತರ ವರ್ಷಗಳಿಂದ ಹೆಚ್ಚು ರೂಪಾಂತರವಿಲ್ಲದೆ ಬದುಕಿ ಬಂದಿದೆ. ಬಾಳಿಕೆಯಲ್ಲಿ ಅದು ಮೆಚ್ಚತಕ್ಕದ್ದು; ಕಾಲವನ್ನು ಹೇಳುವುದರಲ್ಲಿ ಮಾತ್ರ ದಡ್ಡ. ಅದಕ್ಕೆ ಪ್ರತಿಯಾಗಿ, ಸುರುಳಿ ಚಿಪ್ಪಿನ ಅಮೊನೈಟುಗಳು ಕಡಲಿನಲ್ಲಿ ಎಲ್ಲೆಡೆ ಈಜಾಡಿ, ಬೇಗ ಬೇಗ ಹೊಸ ಜಾತಿಗಳಿಗೆ ಎಡೆಕೊಟ್ಟು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಸಂಪೂರ್ಣವಾಗಿ ಅಳಿದುವು. ಜರ್ಮನಿಯ ಆಲ್ಬರ್ಟ್ ಒಪ್ಪೆಲ್ 1856ರಿಂದ 1858ರವರೆಗೆ ಪ್ರಕಟಿಸಿದ ಗ್ರಂಥದಲ್ಲಿ ಜುರಾಸಿಕ್ ಯುಗದ ಪದರಗಳನ್ನು ಇಂಥ ಪಳೆಯುಳಿಕೆಗಳ ನೆರವಿನಿಂದ ಕಿರಿದಾದ ವಲಯಗಳಾಗಿ ವಿಂಗಡಿಸಿದನು. ಈ ಬಗೆಯ ಎಷ್ಟೋ ವಲಯಗಳ ಅವಧಿ 10 ಲಕ್ಷ ವರ್ಷಗಳಿಗಿಂತಲೂ ಕಡಿಮೆಯೆಂದು ಈಗ ತಿಳಿದಿದೆ. ಭೂಮಿಯ ಆಯುಷ್ಯದಲ್ಲಿ ಇದು ಕಣ್ಣು ಮಿಟುಕಿಸುವಷ್ಟು ಹೊತ್ತು.

ಇಲ್ಲಿ ಬುದ್ಧಿವಂತ ವಿದ್ಯಾರ್ಥಿ ಒಂದು ಆಕ್ಷೇಪವನ್ನೆತ್ತಬಹುದು. “ಪಳೆಯುಳಿಕೆಯಿಂದ ಪದರದ ವಯಸ್ಸನ್ನು ತಿಳಿಯುತ್ತೀರಿ, ಪದರದಿಂದ ಪಳೆಯುಳಿಕೆಯ ವಯಸ್ಸನ್ನು ತಿಳಿಯುತ್ತೀರಿ. ಇದು ಗಾಣದೆತ್ತಿನ ಸುತ್ತಾಟವಲ್ಲವೆ?” ಪ್ರಶ್ನೆ ನ್ಯಾಯವಾದುದೇ, ಆದರೆ ಸುತ್ತಾಟವೆನ್ನುವುದು ಸರಿಯಲ್ಲ. ಪಳೆಯುಳಿಕೆಗಳ ಕ್ರಮವನ್ನು ಯಾರೂ ಊಹಿಸಿ ಕಟ್ಟಲಿಲ್ಲ. ಒಂದರ ಮೇಲೊಂದಿರುವ ಪದರಗಳನ್ನು ಊರೂರಿನಲ್ಲಿ ಕಣ್ಣಾರೆ ಕಂಡು ಬರೆದುಕೊಂಡರು. ಜೀವವಿಕಾಸದ ಸಿದ್ಧಾಂತವನ್ನೂ ಅದಕ್ಕಾಗಿ ಎರವಲು ಪಡೆಯಲಿಲ್ಲ. ಕೇಂಬ್ರಿಯನ್, ಸೈಲೂರಿಯನ್, ಡೆವೋನಿಯನ್, ಪರ್ಮಿಯನ್, ಕ್ರಿಟೇಷಸ್ ಮುಂತಾದ ಹೆಸರುಗಳೆಲ್ಲ 1841ರೊಳಗೇ ಬಳಕೆಗೆ ಬಂದಿದ್ದುವು. ಡಾರ್ವಿನ್ನನ ಗ್ರಂಥ ಪ್ರಕಟವಾದುದು 1859ರಲ್ಲಿ.

ಆ ಬಳಿಕ ಇಪ್ಪತ್ತನೆಯ ಶತಮಾನದಲ್ಲಿ ಸಂಪೂರ್ಣ ಬೇರೆಯದೇ ಆದ ಒಂದು ಗಡಿಯಾರ ದೊರೆಯಿತು. ಯುರೇನಿಯಂ ತನ್ನಷ್ಟಕ್ಕೆ ತಾನೇ ಸೀಸವಾಗಿ ಮಾರ್ಪಡುತ್ತದೆ. ಯುರೇನಿಯಂ-238ರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ. ಖನಿಜದಲ್ಲಿರುವ ಯುರೇನಿಯಂ ಮತ್ತು ಸೀಸಗಳ ಪ್ರಮಾಣವನ್ನು ಅಳೆದರೆ ಅದು ಹರಳುಗಟ್ಟಿ ಎಷ್ಟು ಕಾಲವಾಯಿತೆಂಬುದು ತಿಳಿಯುತ್ತದೆ. 1911ರಲ್ಲಿ ಆರ್ಥರ್ ಹೋಮ್ಸ್ ಹೀಗೆ ಲೆಕ್ಕ ಹಾಕಿದಾಗ ಕಾರ್ಬಾನಿಫೆರಸ್ ಯುಗದ ಮಾದರಿಗೆ 34 ಕೋಟಿ, ಡೆವೋನಿಯನ್ ಯುಗದ್ದಕ್ಕೆ 37 ಕೋಟಿ, ಅದಕ್ಕೂ ಹಿಂದಿನ ಯುಗದ್ದಕ್ಕೆ 43 ಕೋಟಿ ವರ್ಷಗಳು ಬಂದುವು. ಪಳೆಯುಳಿಕೆಗಳು ನೂರು ವರ್ಷ ಮೊದಲೇ ಹೇಳತೊಡಗಿದ್ದ ಹಿರಿಕಿರಿಯ ಕ್ರಮವನ್ನೇ ಪರಮಾಣುಗಳೂ ಹೇಳಿದುವು. ಪರಸ್ಪರ ಪರಿಚಯವಿಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನಾಡಿದಂತಾಯಿತು.

ಹಾಗಾದರೆ ಪರಮಾಣು ಗಡಿಯಾರ ಬಂದ ಮೇಲೆ ಪಳೆಯುಳಿಕೆಯ ಹಂಗೇಕೆ? ಏಕೆಂದರೆ ಆ ಗಡಿಯಾರ ಜಲಜ ಶಿಲೆಗಳಲ್ಲಿ ನೇರವಾಗಿ ನಡೆಯುವುದು ಅಪರೂಪ. ಮರಳುಗಲ್ಲಿನ ಕಣವನ್ನು ಅಳೆದರೆ, ಆ ಕಣ ಹಿಂದೆ ಯಾವ ತಾಯಿಬಂಡೆಯಲ್ಲಿ ಹುಟ್ಟಿತೋ ಅದರ ವಯಸ್ಸು ಬರುತ್ತದೆ. ಮರಳು ಬಂದು ಕುಳಿತ ಕಾಲ ಬರುವುದಿಲ್ಲ. ಆದುದರಿಂದ ಪದರಗಳ ನಡುವೆ ಎಲ್ಲಿಯಾದರೂ ಜ್ವಾಲಾಮುಖಿಯ ಬೂದಿ ಬಿದ್ದಿದೆಯೇ ಎಂದು ಹುಡುಕಿ, ಕೆಳಗಿನ ಬೂದಿಗೂ ಮೇಲಿನ ಬೂದಿಗೂ ವಯಸ್ಸು ಕಟ್ಟಿ, ನಡುವಿನ ಚಿಪ್ಪು ಅವೆರಡರ ಮಧ್ಯದ ಕಾಲದ್ದೆಂದು ನಿರ್ಣಯಿಸುತ್ತಾರೆ. ಹೀಗೆ ಒಂದೆಡೆ ವರ್ಷಗಳ ಲೆಕ್ಕ ದೊರೆತ ಜಾತಿ, ಬೂದಿಯೇ ಇಲ್ಲದ ನೂರು ಎಡೆಗಳಿಗೆ ಆ ಲೆಕ್ಕವನ್ನು ಕೊಂಡೊಯ್ಯುತ್ತದೆ. ಒಂದು ಗಡಿಯಾರ ವರ್ಷಗಳನ್ನು ಕೊಡುತ್ತದೆ. ಇನ್ನೊಂದು ಅವನ್ನು ದೇಶದೇಶಗಳಿಗೆ ಹಂಚುತ್ತದೆ.

ಆದರೆ ಈ ಏರ್ಪಾಡೆಲ್ಲ ಒಂದೇ ಕಂಬದ ಮೇಲೆ ನಿಂತಿದೆ. ಚಿಪ್ಪು ಸಿಕ್ಕಿದ ಪದರ ಯಾವುದೆಂಬುದು ಖಚಿತವಾಗಿರಬೇಕು. ಆ ಕಂಬ ಅಲುಗಿದರೆ ಏನಾಗುವುದೆಂಬುದಕ್ಕೆ ಎಲ್ಲರೂ ಬಲ್ಲ ಒಂದು ವಸ್ತುವನ್ನೇ ಉದಾಹರಿಸುತ್ತೇವೆ. ನಮ್ಮಲ್ಲಿ ಅನೇಕರ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವಿರುತ್ತದೆ. ನೇಪಾಳದ ಕಾಳಿಗಂಡಕಿ ನದಿಯಲ್ಲಿ ದೊರೆಯುವ ಈ ಕಪ್ಪು ಉರುಟುಕಲ್ಲಿನೊಳಗೆ ಕಾಣುವ ಚಕ್ರವು ಅಮೊನೈಟಿನ ಸುರುಳಿ. ಅದರ ಪೂಜ್ಯತೆ ಭಕ್ತರಿಗೆ ಸೇರಿದ ವಿಷಯ. ಅದರಲ್ಲಿ ನಾವು ತಲೆಹಾಕುವುದಿಲ್ಲ. ಭೂವಿಜ್ಞಾನಿಗೆ ಅದು ಜುರಾಸಿಕ್ ಯುಗದ ಕೊನೆಯ ಭಾಗದ ಕಡಲಪ್ರಾಣಿ. ಹಾಗೆಂದು ಹೇಳಲು ಧೈರ್ಯ ಬಂದುದು ಹೇಗೆ? ಹಿಮಾಲಯದ ಎತ್ತರದಲ್ಲಿ, ಸ್ಪಿತಿ ಜೇಡಿಕಲ್ಲು ಎಂದು ಹೆಸರಾದ ಪದರಗಳಲ್ಲಿ, ಅಂಥವೇ ಅಮೊನೈಟುಗಳು ನೆಲೆ ಕದಲದೆ ಕುಳಿತಿರುವುದನ್ನು ಭೂವಿಜ್ಞಾನಿಗಳು ಕಂಡು ಬರೆದಿಟ್ಟುದರಿಂದ. ಈಗ ಹೊಳೆಯ ದಡದ ಜಲ್ಲಿಯನ್ನು ನೋಡಿ. ಅದರಲ್ಲಿ ಸಾಲಿಗ್ರಾಮವಿದೆಯೆಂಬ ಕಾರಣಕ್ಕೆ ಆ ಜಲ್ಲಿಯನ್ನು ಜುರಾಸಿಕ್ ಯುಗದ್ದೆಂದು ಸಾರಿದರೆ, ನಿನ್ನೆ ಮೊನ್ನೆಯ ಮಳೆಗಾಲದಲ್ಲಿ ಬಂದು ನಿಂತ ಜಲ್ಲಿಗೆ ಹದಿನಾಲ್ಕು ಹದಿನೈದು ಕೋಟಿ ವರ್ಷಗಳ ಮುಪ್ಪನ್ನು ಹೊರಿಸಿದಂತಾಗುತ್ತದೆ! ಕಲ್ಲು ಸುಳ್ಳು ಹೇಳಲಿಲ್ಲ; ನೀರು ಅದರ ನೆಲೆಯನ್ನು ತಪ್ಪಿಸಿತು. ಹಳೆಯ ಪದರ ಸವೆದು ಅದರ ಪಳೆಯುಳಿಕೆಗಳು ಹೊಸ ಪದರಕ್ಕೆ ಸೇರಿಕೊಳ್ಳುವುದು ಪ್ರಕೃತಿಯಲ್ಲಿ ಹಿಂದೆಯೂ ನಡೆದಿದೆ, ಇಂದೂ ನಡೆಯುತ್ತಿದೆ.

ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಅಂದರೆ ಹೊಸತು ಬಂದು ಹಳೆಯದರಲ್ಲಿ ಸೇರಿಕೊಳ್ಳುವುದು. ತೈಲಕ್ಕಾಗಿ ಬಾವಿ ಕೊರೆಯುವವರು ಇದನ್ನು ಚೆನ್ನಾಗಿ ಬಲ್ಲರು. ಆಳದಿಂದ ಮೇಲೆ ಬರುವ ಕಲ್ಲಿನ ಚೂರುಗಳಲ್ಲಿ ಫೊರಾಮಿನಿಫೆರ ಎಂಬ ಸೂಕ್ಷ್ಮ ಚಿಪ್ಪುಗಳನ್ನು ಹುಡುಕಿ, ಕೊರೆತ ಯಾವ ಯುಗದ ಪದರವನ್ನು ಮುಟ್ಟಿತೆಂದು ನಿರ್ಧರಿಸುತ್ತಾರೆ. ಬಾವಿಯ ಮೇಲ್ಭಾಗದ ಗೋಡೆಯಿಂದ ಉದುರಿದ ಚೂರುಗಳೂ ಅವುಗಳ ಜೊತೆಗೆ ಬೆರೆತು ಬರುವುದುಂಟು. ಆದುದರಿಂದ ಒಂದು ಜಾತಿ ಎಷ್ಟು ಆಳದವರೆಗೆ ಸಿಕ್ಕಿತೆಂಬುದನ್ನು ಅವರು ಅಷ್ಟಾಗಿ ನಂಬುವುದಿಲ್ಲ. ಕೆಳಗಿಳಿಯುತ್ತ ಹೋದಾಗ ಮೊದಲು ಎಲ್ಲಿ ಕಾಣಿಸಿತೆಂಬುದನ್ನು ಹೆಚ್ಚು ನಂಬುತ್ತಾರೆ. ಬಹಳ ಹಣ ತೆತ್ತು ಕೊರೆಯುವವರು ನೆಲೆಯ ವಿಷಯದಲ್ಲಿ ತೋರಿಸುವ ಈ ಎಚ್ಚರವನ್ನು ವಿಜ್ಞಾನದ ವಿದ್ಯಾರ್ಥಿಗಳಾದ ನಾವೂ ಕಲಿಯಬೇಕು.

ಎಚ್ಚರವಹಿಸಿದ ದೊಡ್ಡವರೂ ಎಡವಬಹುದೆಂಬುದಕ್ಕೆ ಸೈಂಧವ ಲವಣದ ವಿವಾದ ನಿದರ್ಶನ. ನಮ್ಮ ಅಜ್ಜಿಯರು ಔಷಧಕ್ಕೂ ಒಪ್ಪತ್ತಿನ ಅಡಿಗೆಗೂ ಬಳಸುತ್ತಿದ್ದ ಈ ಕಲ್ಲುಪ್ಪಿನ ದೊಡ್ಡ ಗಣಿಗಳಿರುವುದು ಈಗ ಪಾಕಿಸ್ತಾನಕ್ಕೆ ಸೇರಿರುವ ಪಂಜಾಬಿನ ಉಪ್ಪಿನ ಬೆಟ್ಟಸಾಲಿನಲ್ಲಿ. ಖೇವ್ರಾದ ಗಣಿ ಅವುಗಳಲ್ಲಿ ಪ್ರಸಿದ್ಧ. ಅಲ್ಲಿ ಎಲ್ಲಕ್ಕೂ ಅಡಿಯಲ್ಲಿ ಉಪ್ಪು ಮತ್ತು ಕೆಂಪು ಜೇಡಿ; ಅದರ ಮೇಲೆ ನೇರಳೆ ಬಣ್ಣದ ಮರಳುಗಲ್ಲು; ಅದಕ್ಕೂ ಮೇಲೆ ಟ್ರೈಲೊಬೈಟುಗಳಿರುವ ಕೇಂಬ್ರಿಯನ್ ಯುಗದ ಪದರಗಳು. ಸ್ಟೆನೊನ ನಿಯಮದಂತೆ ಉಪ್ಪು ಈ ಕೇಂಬ್ರಿಯನ್ ಪದರಗಳಿಗಿಂತಲೂ ಹಿರಿದಾಗಿರಬೇಕು. ಆದರೆ ಅಲ್ಲಿಂದ ವಾಯುವ್ಯಕ್ಕೆ, ಕೊಹಾಟಿನಲ್ಲಿರುವ ಉಪ್ಪು ನಿಶ್ಚಯವಾಗಿ ಇಯೊಸೀನ್ ಯುಗದ್ದು; ಎಂದರೆ ನಾಲ್ಕೈದು ಕೋಟಿ ವರ್ಷಗಳ ಈಚಿನದು. ಖೇವ್ರಾದ ಉಪ್ಪೂ ಅದೇ ಕಾಲದ್ದೆಂದೂ, ಭೂಚಲನೆಯಿಂದ ಹಳೆಯ ಪದರಗಳು ಸರಿದು ಅದರ ಮೇಲೆ ಬಂದು ಕುಳಿತುವೆಂದೂ ಕೆಲವರು ವಾದಿಸಿದರು. ಎರಡು ಪಕ್ಷಗಳ ನಡುವಣ ಅಂತರ ಸುಮಾರು 50 ಕೋಟಿ ವರ್ಷ!

ಭಾರತದ ಶ್ರೇಷ್ಠ ಪ್ರಾಚೀನ ಸಸ್ಯವಿಜ್ಞಾನಿ ಬೀರ್‌ಬಲ್ ಸಾಹ್ನಿಯವರು 1940ರ ದಶಕದಲ್ಲಿ ಈ ವಿವಾದವನ್ನು ಪ್ರವೇಶಿಸಿದರು. ಉಪ್ಪನ್ನೂ ಅದರ ಜೊತೆಯ ಶಿಲೆಗಳನ್ನೂ ತಮ್ಮ ಪ್ರಯೋಗಾಲಯದಲ್ಲಿ ಕರಗಿಸಿ ಸೋಸಿದಾಗ ಅವರಿಗೆ ಮರದ ಅತಿ ಸಣ್ಣ ಚೂರುಗಳೂ ಕೀಟಗಳ ತುಣುಕುಗಳೂ ದೊರೆತುವು. ಮರದ ಚೂರುಗಳಲ್ಲಿ ಕೆಲವು ಹೂಬಿಡುವ ಸಸ್ಯಗಳವು. ಕೇಂಬ್ರಿಯನ್ ಯುಗದಲ್ಲಿ ನೆಲದ ಮೇಲೆ ಮರವೇ ಇರಲಿಲ್ಲ. ಹೂವಿನ ಮಾತಂತೂ ದೂರ. ಹೀಗಾಗಿ ಉಪ್ಪು ಇಯೊಸೀನ್ ಯುಗದ್ದೇ ಎಂದು ಸಾಹ್ನಿಯವರು ಸಾಧಿಸಿದರು. 1944 ಮತ್ತು 1945ರಲ್ಲಿ ಇದೊಂದೇ ವಿಷಯಕ್ಕಾಗಿ ವಿದ್ವಾಂಸರ ಗೋಷ್ಠಿಗಳು ನಡೆದುವು. ಬೆಟ್ಟಸಾಲನ್ನು ಅಡಿ ಅಡಿಯಾಗಿ ಸಮೀಕ್ಷಿಸಿದ್ದ ಇ. ಆರ್. ಜೀ ಎಂಬ ಭೂವಿಜ್ಞಾನಿ ಮಾತ್ರ, ಉಪ್ಪಿಗೂ ಮೇಲಿನ ಪದರಗಳಿಗೂ ಸಹಜವಾದ ಹೊಂದಾಣಿಕೆಯಿದೆ, ಅದು ಕೇಂಬ್ರಿಯನ್ ಕಾಲದ್ದೇ ಎಂಬ ನಿರ್ಣಯಕ್ಕೆ ಬಂದರು. ಸಾಹ್ನಿಯವರು 1949ರಲ್ಲಿ ತೀರಿಕೊಂಡರು. ಮುಂದಿನ ಸಂಶೋಧನೆ ಬೆಟ್ಟವನ್ನು ನಡೆದು ನೋಡಿದವರ ಪಕ್ಷವನ್ನೇ ಎತ್ತಿಹಿಡಿಯಿತು. ಆ ಉಪ್ಪು ಕೇಂಬ್ರಿಯನ್ ಯುಗದ ಹೊಸ್ತಿಲಿನ ಕಾಲದ್ದೆಂಬುದು ಇಂದು ಒಪ್ಪಿತವಾಗಿದೆ. ಉಪ್ಪು ನೀರಿನಲ್ಲಿ ಕರಗಿ ಮತ್ತೆ ಹರಳುಗಟ್ಟುವ ವಸ್ತು. ಬಿರುಕುಗಳಲ್ಲಿ ಇಳಿದ ನೀರು, ಗಾಳಿಯ ಧೂಳು, ಇಂಥ ದಾರಿಗಳಿಂದ ಈಚಿನ ಕಾಲದ ಚೂರುಗಳು ಅದರೊಳಗೆ ಸೇರಬಲ್ಲುವು.

ಈ ಪ್ರಸಂಗದಿಂದ ಸಾಹ್ನಿಯವರ ಹಿರಿಮೆಗೆ ಕುಂದಿಲ್ಲ. ಅವರು ತಮ್ಮ ಸಾಕ್ಷ್ಯವನ್ನು ಮುಚ್ಚಿಡದೆ ಎಲ್ಲರೆದುರು ಇಟ್ಟರು. ಆದುದರಿಂದಲೇ ಉಳಿದವರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು. ನಾವು ಕಲಿಯಬೇಕಾದ ಪಾಠ ಬೇರೆಯದು. ಸೂಕ್ಷ್ಮದರ್ಶಕದಡಿಯ ಚೂರು ಎಷ್ಟೇ ಸ್ಪಷ್ಟವಾಗಿರಲಿ, ಅದು ಆ ಪದರಕ್ಕೆ ಹುಟ್ಟಿನಿಂದ ಸೇರಿದುದೆಂಬ ಭರವಸೆ ಇಲ್ಲದಿದ್ದರೆ, ಬೆಟ್ಟದಲ್ಲಿ ಕಣ್ಣಿಗೆ ಕಾಣುವ ಪದರಗಳ ಕ್ರಮವನ್ನು ಅದು ಅಲ್ಲಗಳೆಯಲಾರದು.

ಉಪ್ಪಿನ ವಿವಾದ ಪ್ರಾಮಾಣಿಕರ ನಡುವೆ ನಡೆದುದು. ಎರಡನೆಯ ಪ್ರಸಂಗವನ್ನು ಹಾಗೆನ್ನಲಾಗದು. 1989ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿ ಜಾನ್ ಟ್ಯಾಲೆಂಟ್ “ನೇಚರ್” ಪತ್ರಿಕೆಯಲ್ಲಿ ಒಂದು ಗಂಭೀರ ಆರೋಪವನ್ನು ಮಾಡಿದರು. ಭಾರತದ ಒಬ್ಬ ಪ್ರಾಧ್ಯಾಪಕರು ಎರಡು ದಶಕಗಳಿಗೂ ಮೀರಿ ಹಿಮಾಲಯದ ಪಳೆಯುಳಿಕೆಗಳೆಂದು ವರ್ಣಿಸಿ ಪ್ರಕಟಿಸುತ್ತ ಬಂದವುಗಳಲ್ಲಿ ಅನೇಕ, ಹಿಮಾಲಯದವೇ ಅಲ್ಲವೆಂದು ಅವರು ತೋರಿಸಿದರು. ಕೆಲವು ಸುರುಳಿಚಿಪ್ಪುಗಳು ಮೊರಾಕ್ಕೊ ದೇಶದ ಅಂಗಡಿಗಳಲ್ಲಿ ಮಾರಾಟಕ್ಕೆ ಸಿಗುವಂಥವು. ಕೊನೊಡಾಂಟ್ ಎಂಬ ಹಲ್ಲಿನಾಕಾರದ ಸೂಕ್ಷ್ಮಾವಶೇಷಗಳಲ್ಲಿ ಕೆಲವು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಒಂದು ತೊರೆಯ ಬಳಿಯವುಗಳನ್ನೇ ಹೋಲುತ್ತಿದ್ದುವು. ಬಳಿಕ ನಡೆದ ವಿಚಾರಣೆಯಲ್ಲಿ ಪ್ರಾಧ್ಯಾಪಕರು ತಪ್ಪಿತಸ್ಥರೆಂದು ತೀರ್ಮಾನವಾಯಿತು.

ಈ ಅಪಚಾರದ ಸ್ವರೂಪವನ್ನು ವಿದ್ಯಾರ್ಥಿಗಳು ಚೆನ್ನಾಗಿ ಗ್ರಹಿಸಬೇಕು. ಪಳೆಯುಳಿಕೆಗಳೇನೋ ಅಸಲಿಯೇ. ಅವುಗಳ ವರ್ಣನೆಯೂ ಎಷ್ಟೋ ಕಡೆ ಸರಿಯಾಗಿದ್ದೀತು. ಸುಳ್ಳಾಗಿದ್ದುದು ವಿಳಾಸ ಮಾತ್ರ. ಆ ಒಂದು ಸುಳ್ಳಿನಿಂದ ಹಿಮಾಲಯದ ಪದರಗಳಿಗೆ ಸಲ್ಲದ ವಯಸ್ಸುಗಳು ಅಂಟಿಕೊಂಡುವು. ನಂಬಿ ಜೊತೆಗೂಡಿ ಬರೆದ ಅನೇಕರ ಹೆಸರಿಗೂ ಕಳಂಕ ತಗಲಿತು. ಮುಂದೆ ಬಂದವರು ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕೆಂದು ತಿಳಿಯದೆ ನೂರಾರು ಪ್ರಬಂಧಗಳನ್ನು ಪಕ್ಕಕ್ಕಿಡಬೇಕಾಯಿತು. ಹಾಲಿಗೆ ಹುಳಿ ಬಿದ್ದ ಮೇಲೆ ಯಾವ ಹನಿ ಒಳ್ಳೆಯದೆಂದು ಆರಿಸಲಾದೀತೆ? ನಿರ್ದಿಷ್ಟ ಸ್ಥಳವನ್ನು ಬರೆದಿದ್ದರೆ ಇನ್ನೊಬ್ಬರು ಅಲ್ಲಿಗೆ ಹೋಗಿ, ಸುತ್ತಿಗೆಯಿಂದ ಒಡೆದು, ಮೋಸವನ್ನು ಮೊದಲ ವರ್ಷವೇ ಬಯಲಿಗೆ ತರಬಹುದಾಗಿತ್ತು. ಸ್ಥಳಸೂಚನೆ ಅಸ್ಪಷ್ಟವಾಗಿದ್ದುದೇ ಸುಳ್ಳಿಗೆ ಆಶ್ರಯವಾಯಿತು.

ಸುಳ್ಳು ಹೇಳುವವರು ವಿರಳ. ಆದರೆ ಬರೆದಿಡದವರು, ಲೆಕ್ಕಿಸದವರು ಅನೇಕ. ನಮ್ಮ ನೆರೆಯ ತಮಿಳುನಾಡಿನ ಅರಿಯಲೂರು ಪ್ರದೇಶವನ್ನು ನೋಡಿ. ಕ್ರಿಟೇಷಸ್ ಯುಗದಲ್ಲಿ ಅಲ್ಲಿ ಕಡಲಿತ್ತು; ಇಂದು ಕಡಲ ಚಿಪ್ಪುಗಳಿಂದ ತುಂಬಿದ ಪದರಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಲ್ಯಾನ್‌ಫರ್ಡ್ ಆ ಪದರಗಳನ್ನು ಉತ್ತಟ್ಟೂರು, ತಿರುಚಿನಾಪಳ್ಳಿ, ಅರಿಯಲೂರು ಎಂದು ವಿಂಗಡಿಸಿದನು. ಸ್ಟೋಲಿಚ್ಕನು ಅವುಗಳ ಪಳೆಯುಳಿಕೆಗಳನ್ನು ಸಂಪುಟ ಸಂಪುಟಗಳಲ್ಲಿ ವರ್ಣಿಸಿದನು. ದೂರದ ಯೂರೋಪಿನ ಪದರಗಳೊಡನೆ ದಕ್ಷಿಣ ಭಾರತದ ಪದರಗಳನ್ನು ಕಾಲದಲ್ಲಿ ಜೋಡಿಸಿದುದು ಈ ಚಿಪ್ಪುಗಳೇ. ಅದೇ ಸುಣ್ಣಕಲ್ಲನ್ನು ಇಂದು ಸಿಮೆಂಟಿಗಾಗಿ ಅಗೆದು ಅರೆಯುತ್ತಾರೆ.

ಸಿಮೆಂಟು ಬೇಡವೆಂದು ಹೇಳುವ ಅವಿವೇಕ ನಮಗಿಲ್ಲ. ಸ್ಮಿತ್‌ಗೆ ಕಣ್ಣು ತೆರೆಸಿದುದೂ ಕಲ್ಲಿದ್ದಲ ಕಾಲುವೆಯ ಅಗೆತವೇ ಅಲ್ಲವೆ? ಗಣಿಗಾರಿಕೆ ಪದರಗಳನ್ನು ತೆರೆದು ತೋರಿಸುವುದರಿಂದ ವಿಜ್ಞಾನಕ್ಕೆ ಉಪಕಾರಿಯೇ ಹೌದು. ನಮ್ಮ ಬೇಡಿಕೆ ಇಷ್ಟೆ: ಅರೆಯುವ ಮೊದಲು ನೋಡಲಿ, ನೋಡಿದುದನ್ನು ಬರೆಯಲಿ. ಪಳೆಯುಳಿಕೆಗಳಿರುವ ಪ್ರತಿಯೊಂದು ದೊಡ್ಡ ಗಣಿಯಲ್ಲಿಯೂ ಪದರಗಳ ಚಿತ್ರವನ್ನೂ ಮಾದರಿಗಳನ್ನೂ ಕಾಲಕಾಲಕ್ಕೆ ತೆಗೆದಿಡುವ ಏರ್ಪಾಡಿರಬೇಕು. ಹತ್ತಿರದ ಕಾಲೇಜಿನ ಭೂವಿಜ್ಞಾನ ಶಾಖೆಗೆ ಆ ಹೊಣೆಯನ್ನು ಒಪ್ಪಿಸಿದರೆ ವಿದ್ಯಾರ್ಥಿಗಳಿಗೂ ಪ್ರಯೋಜನ. ಗಣಿಯ ಒಂದು ಮೂಲೆಯ ಗೋಡೆಯನ್ನಾದರೂ ಕೆಡವದೆ ಉಳಿಸಿದರೆ ಮುಂದಿನವರು ಬಂದು ಹಳೆಯ ಬರಹವನ್ನು ಪರೀಕ್ಷಿಸಬಹುದು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗಣಿ ಸಚಿವಾಲಯವು ಭೂಪರಂಪರೆಯ ತಾಣಗಳ ಮತ್ತು ಅವಶೇಷಗಳ ರಕ್ಷಣೆಗಾಗಿ ಒಂದು ಕರಡು ಮಸೂದೆಯನ್ನು ಪ್ರಕಟಿಸಿತು. ಅಂಥ ಕಾಯಿದೆ ಅಗತ್ಯವೆಂಬುದು ನಮ್ಮ ಮತ. ಆದರೆ ಕಾಯಿದೆ ಕಾವಲುಗಾರನನ್ನು ನಿಲ್ಲಿಸಬಲ್ಲದೇ ಹೊರತು ನೋಡುವ ಕಣ್ಣನ್ನು ಕೊಡಲಾರದು. ಆ ಕಣ್ಣನ್ನು ಶಾಲೆ ಕಾಲೇಜುಗಳೇ ಕೊಡಬೇಕು.

ಈಗ ನಮ್ಮ ನಾಡಿಗೆ ಬರೋಣ. ಕರ್ನಾಟಕದ ಬಹುಭಾಗದ ಬಂಡೆಗಳು ಚಿಪ್ಪುಪ್ರಾಣಿಗಳು ಹುಟ್ಟುವುದಕ್ಕಿಂತಲೂ ಎಷ್ಟೋ ಹಿಂದಿನವು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಧಾರವಾಡದ ಹೆಸರನ್ನೇ ಹೊತ್ತ ಶಿಲಾಸಮೂಹದಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಟೊಲೈಟ್ ಎಂಬ ಪದರುಪದರಾದ ರಚನೆಗಳು ಕೆಲವೆಡೆ ಸಿಗುತ್ತವೆ; ಆದರೆ ಅವು ಲಿಂಗ್ಯುಲದಂತೆ ದೀರ್ಘಕಾಲ ಬಾಳಿದ ಬಗೆಯವಾದುದರಿಂದ ಕಾಲವನ್ನು ನಿಖರವಾಗಿ ಹೇಳಲಾರವು. ಅಂಥ ಬಂಡೆಗಳಿಗೆ ಪರಮಾಣು ಗಡಿಯಾರವೇ ಗತಿ. ಪಳೆಯುಳಿಕೆಗಳ ಗಡಿಯಾರ ಚೆನ್ನಾಗಿ ನಡೆಯುವುದು ಸುಮಾರು 54 ಕೋಟಿ ವರ್ಷಗಳ ಈಚೆಗೆ ಮಾತ್ರ.

ಹಾಗೆಂದು ನಮ್ಮಲ್ಲಿ ಈ ಪಾಠಕ್ಕೆ ಎಡೆಯಿಲ್ಲವೆಂದು ತಿಳಿಯಬಾರದು. ರಾಜ್ಯದ ಉತ್ತರ ಭಾಗವನ್ನು ದಖ್ಖನ್ನಿನ ಲಾವಾ ಹಾಸುಗಳು ಮುಚ್ಚಿವೆ. ಒಂದು ಲಾವಾ ಹರಿದು ಆರಿ, ಇನ್ನೊಂದು ಹರಿದು ಬರುವುದಕ್ಕೆ ಮುಂಚೆ, ನಡುವಣ ಬಿಡುವಿನಲ್ಲಿ ಅಲ್ಲಲ್ಲಿ ಕೆರೆಕುಂಟೆಗಳಾಗಿ ಅವುಗಳ ತಳದಲ್ಲಿ ತೆಳುವಾದ ಹೂಳು ಕುಳಿತಿತು. ಅಂದಿನ ಗುಲ್ಬರ್ಗ ಜಿಲ್ಲೆಗೆ ಸೇರಿದ್ದ ಗುರುಮಠಕಲ್ ಸುತ್ತಿನ ಇಂಥ ಪದರಗಳಲ್ಲಿ ಆಸ್ಟ್ರಕಾಡ್ ಎಂಬ, ಎರಡು ಚಿಪ್ಪುಗಳ ನಡುವೆ ಬಾಳುವ ಅತಿ ಸಣ್ಣ ಜಲಪ್ರಾಣಿಗಳ ಅವಶೇಷಗಳು ದೊರೆತಿವೆ. ಅವುಗಳ ಆಧಾರದಿಂದ ಆ ಪದರಗಳು ಕ್ರಿಟೇಷಸ್ ಯುಗದ ಕೊನೆಯವೆಂದು ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಕೆಳಗೆ ಲಾವಾ, ಮೇಲೆ ಲಾವಾ, ನಡುವೆ ಕೆಲವೇ ಅಡಿಗಳ ಹೂಳು: ಇಂಥ ಕಿರಿದಾದ ಪದರ ರಸ್ತೆಯ ಅಗೆತಕ್ಕೋ ಬಾವಿಯ ಅಗೆತಕ್ಕೋ ಸಿಕ್ಕಿ ಯಾರ ಗಮನಕ್ಕೂ ಬಾರದೆ ಮಾಯವಾಗುವುದು ಎಷ್ಟು ಸುಲಭವೆಂಬುದನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇದು. ಪಳೆಯುಳಿಕೆಯನ್ನು ಕಂಡೊಡನೆ ಕಿತ್ತು ಜೇಬಿಗೆ ಹಾಕುವ ಆತುರ ಬೇಡ. ಮೊದಲು ಅದು ಕುಳಿತಿರುವಂತೆಯೇ ಚಿತ್ರ ತೆಗೆಯಿರಿ. ಸ್ಥಳದ ಹೆಸರು, ದಿಕ್ಕು, ಗುರುತು, ದಿನಾಂಕಗಳನ್ನು ಬರೆಯಿರಿ. ಮೇಲಿನ ಪದರ ಯಾವುದು, ಕೆಳಗಿನದು ಯಾವುದು, ಪದರದ ಬುಡದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಅಳೆದು ಬರೆಯಿರಿ. ಬಂಡೆಯೊಳಗೇ ಹುದುಗಿತ್ತೋ, ಉದುರಿ ಬಿದ್ದಿತ್ತೋ ಎಂಬುದನ್ನು ಮರೆಯದೆ ನಮೂದಿಸಿರಿ. ಬಳಿಕ ಬಲ್ಲವರಿಗೆ ತಿಳಿಸಿರಿ. ಅಪ್ಪಣೆಯಿಲ್ಲದೆ ತೆಗೆಯಬಾರದ ಕಡೆ ಬರಹವಷ್ಟೇ ಸಾಕು; ಕಲ್ಲು ಅಲ್ಲಿಯೇ ಇರಲಿ. ಅಂಗಡಿಯಲ್ಲಿ ಥಳಥಳಿಸುವ, ಊರುಕೇರಿ ತಿಳಿಯದ ಪಳೆಯುಳಿಕೆಯನ್ನು ಕೊಂಡು ತಂದು ಕಾಲೇಜಿನ ಕಪಾಟನ್ನು ಅಲಂಕರಿಸುವುದಕ್ಕಿಂತ, ಮುರುಕು ಚಿಪ್ಪೊಂದನ್ನು ಸರಿಯಾದ ಚೀಟಿಯೊಡನೆ ಇಡುವುದು ವಿಜ್ಞಾನಕ್ಕೆ ಹೆಚ್ಚಿನ ಸೇವೆ.

ಚಿಪ್ಪನ್ನು ಕಡಲು ಕೊಟ್ಟಿತು; ಅದನ್ನು ಕೋಟ್ಯಂತರ ವರ್ಷ ಪದರ ಕಾಪಾಡಿತು. ಅದು ಇಂಥ ಪದರದ್ದೆಂದು ಬರೆದಿಡುವ ಕೆಲಸವೊಂದೇ ನಮ್ಮ ಪಾಲಿನದು. ಅದಕ್ಕೆ ಬೇಕಾಗುವುದು ಒಂದು ಪೆನ್ಸಿಲು, ಒಂದು ಚೀಟಿ, ಎರಡು ನಿಮಿಷಗಳ ತಾಳ್ಮೆ.